ಕುಡಿತ ಬಿಟ್ಟ ಮೂರನೆಯ ದಿನ

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಕುಡಿಯುವವರು ಕುಡಿತ ಬಿಡುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲಿ: ಶ್ರಾವಣ ಹಿಡಿದಾಗ, ಅಯ್ಯಪ್ಪನ ಮಾಲೆ ಹಾಕಿದಾಗ, ಇಲ್ಲವೇ ಮನೆಯಲ್ಲಿ ದೊಡ್ಡ ಜಗಳವಾಗಿ ಹಿರಿಯರು ಅಂಬಾಮಠಕ್ಕೋ ಮಸ್ಕಿಯ ಮಲ್ಲಿಕಾರ್ಜುನನ ಬೆಟ್ಟಕ್ಕೋ ಕರೆದೊಯ್ದು ಆಣೆ ಮಾಡಿಸಿದಾಗ. ಬಿಡಬೇಕೆಂಬ ಮನಸ್ಸು ಆಗ ನಿಜವಾಗಿಯೇ ಇರುತ್ತದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಹತ್ತು ವರ್ಷ ದಿನಾ ಕುಡಿದವನು ಒಂದೇ ರಾತ್ರಿಯಲ್ಲಿ ಬಿಟ್ಟರೆ ಅವನ ದೇಹ ಸುಮ್ಮನಿರುವುದಿಲ್ಲ. ಈ ಮಾತು ಆಣೆ ಮಾಡುವವನಿಗೂ ಗೊತ್ತಿರುವುದಿಲ್ಲ, ಮಾಡಿಸುವವರಿಗೂ ಗೊತ್ತಿರುವುದಿಲ್ಲ. ಮೂರನೆಯ ದಿನ ಅವನು ಮತ್ತೆ ಅಂಗಡಿಯ ಮುಂದೆ ನಿಂತರೆ "ಇವನ ಹಣೆಬರಹವೇ ಇಷ್ಟು" ಎಂದು ಮನೆಯವರು ಕೈಚೆಲ್ಲುತ್ತಾರೆ. ಅವನನ್ನು ಅಲ್ಲಿಗೆ ಎಳೆದು ತಂದದ್ದರಲ್ಲಿ ಸ್ವಭಾವಕ್ಕಿಂತ ನಡುಕದ ಪಾಲೇ ಹೆಚ್ಚು.

ತಾಲ್ಲೂಕು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಈ ಮೂರನೆಯ ದಿನವನ್ನು ಆಗಾಗ ಕಾಣಬಹುದು. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡು ಸೇರಿದವನು ಮೊದಲ ದಿನ ಚೆನ್ನಾಗಿಯೇ ಮಾತಾಡುತ್ತಾನೆ. ಎರಡನೆಯ ದಿನ ಚಹಾದ ಲೋಟ ಹಿಡಿದರೆ ಕೈ ನಡುಗಿ ಚೆಲ್ಲುತ್ತದೆ, ಮೈಯೆಲ್ಲ ಬೆವರು, ರಾತ್ರಿಯಿಡೀ ಕಣ್ಣು ಮುಚ್ಚುವುದಿಲ್ಲ. ಮೂರನೆಯ ದಿನ ಸಂಜೆ, ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎನ್ನುತ್ತಾನೆ. ಹಾಸಿಗೆಯ ಮೇಲಿಲ್ಲದ ಹುಳುಗಳನ್ನು ಬೆರಳಿನಿಂದ ಹೆಕ್ಕಿ ಕೆಳಗೆ ಹಾಕುತ್ತಾನೆ. ಎಂದೋ ತೀರಿಕೊಂಡ ಅಪ್ಪನ ಜೊತೆ ಮಾತಿಗಿಳಿಯುತ್ತಾನೆ. ಸಲೈನ್ ಸೂಜಿ ಕಿತ್ತು, ಮುರಿದ ಕಾಲಿನಲ್ಲೇ ಎದ್ದು ನಿಲ್ಲಲು ನೋಡುತ್ತಾನೆ. "ಇವನಿಗ ಗಾಳಿ ಸೋಕ್ಯಾದ" ಎಂದು ತಾಯಿ ಅಳುತ್ತಾಳೆ, ಯಾರೋ ತಾಯತ ತರಲು ಹೊರಡುತ್ತಾರೆ. ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಇವರು ದಿನಾ ಕುಡಿಯುತ್ತಿದ್ದರೇ, ಕೊನೆಯ ಸಲ ಕುಡಿದದ್ದು ಯಾವಾಗ?

ಕುಡಿತ ಬಿಟ್ಟಾಗ ಏರುವ ಈ ಸನ್ನಿಗೆ ವೈದ್ಯರು ಇಟ್ಟಿರುವ ಹೆಸರು ಡೆಲಿರಿಯಂ ಟ್ರೆಮೆನ್ಸ್. ಕುಡಿತ ನಿಲ್ಲಿಸಿದವರೆಲ್ಲರಿಗೂ ಇದು ಬರುವುದಿಲ್ಲ. ಬಹಳ ಜನ ನಡುಕ, ವಾಕರಿಕೆ, ನಿದ್ದೆಗೇಡುಗಳಲ್ಲೇ ಪಾರಾಗುತ್ತಾರೆ. ಬಂದವರಿಗೆ ಮಾತ್ರ ಅದು ಜೀವದ ಪ್ರಶ್ನೆ. ಆಸ್ಪತ್ರೆಯಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕರೆ 100ರಲ್ಲಿ 95ಕ್ಕೂ ಹೆಚ್ಚು ಜನ ಬದುಕುತ್ತಾರೆ. ಮನೆಯಲ್ಲಿ ಹಗ್ಗ ಕಟ್ಟಿ ಮಲಗಿಸಿದರೆ ಆ ಭರವಸೆ ಇಲ್ಲ.

ಒಳಗೆ ಆಗುವುದು ಇಷ್ಟು. ಮಿದುಳಿನಲ್ಲಿ ನರಗಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕವಿದೆ, ಅವನ್ನು ಚುರುಕಾಗಿಡುವ ಗ್ಲುಟಮೇಟ್ ಎಂಬುದೂ ಇದೆ. ಮದ್ಯವು ಗಾಬಾದ ಕೆಲಸಕ್ಕೆ ಬಲ ಕೊಟ್ಟು ಗ್ಲುಟಮೇಟನ್ನು ಅದುಮುತ್ತದೆ. ಕುಡಿದಾಗ ಮೈ ಸಡಿಲಾಗುವುದು, ಚಿಂತೆ ಮರೆಯುವುದು ಅದರಿಂದಲೇ. ವರ್ಷಗಟ್ಟಲೆ ದಿನಾ ಹೀಗಾದರೆ ಮಿದುಳು ತಾನೇ ಹೊಂದಿಕೊಂಡು, ಶಾಂತಗೊಳಿಸುವ ಏರ್ಪಾಡನ್ನು ಕುಗ್ಗಿಸಿ ಚುರುಕುಗೊಳಿಸುವುದನ್ನು ಹೆಚ್ಚಿಸಿಕೊಳ್ಳುತ್ತದೆ. ನೊಗದ ಒಂದು ಎತ್ತು ಸದಾ ಎಡಕ್ಕೆ ಜಗ್ಗುತ್ತಿದ್ದರೆ ಇನ್ನೊಂದು ಅಷ್ಟೇ ಬಲವಾಗಿ ಬಲಕ್ಕೆ ಜಗ್ಗಿ ಬಂಡಿಯನ್ನು ದಾರಿಯಲ್ಲಿಡುತ್ತದೆ. ಎಡಗಡೆಯದನ್ನು ತಟ್ಟನೆ ಬಿಚ್ಚಿದರೆ ಬಂಡಿ ಹಳ್ಳಕ್ಕೆ ಇಳಿಯುತ್ತದೆ. ಕುಡಿತ ನಿಂತ ದಿನ ಮಿದುಳಿಗಾಗುವುದೂ ಅದೇ. ಅದುಮಿಟ್ಟದ್ದು ಒಮ್ಮೆಲೇ ಏಳುತ್ತದೆ.

ಇದಕ್ಕೊಂದು ಗಡಿಯಾರವೂ ಇದೆ. ಕೊನೆಯ ಗುಟುಕಿನ ನಂತರ 6ರಿಂದ 8 ಗಂಟೆಗೆ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು ಶುರುವಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಪ್ಯಾಕೆಟ್ ಹಾಕದಿದ್ದರೆ ಕೈ ನಿಲ್ಲುವುದಿಲ್ಲ ಎನ್ನುವವರು ಪ್ರತಿದಿನ ಈ ಗಡಿಯಾರದ ಮೊದಲ ಗಂಟೆಯಲ್ಲೇ ಇರುವವರು. 12ರಿಂದ 48 ಗಂಟೆಯ ನಡುವೆ ಫಿಟ್ಸ್ ಬರುವ ಅಪಾಯ ಹೆಚ್ಚು. 48 ಗಂಟೆ ದಾಟಿದ ಮೇಲೆ, ಅಂದರೆ ಎರಡನೆಯ ರಾತ್ರಿಯ ನಂತರ, ಸನ್ನಿಯ ಕಾಲ. ಐದಾರು ದಿನ ಕಳೆದರೆ ಬಹುಪಾಲು ಬಿರುಗಾಳಿ ಇಳಿಯುತ್ತದೆ. ಬಿಟ್ಟಾಗ ಹಿಂದೆ ಎಂದಾದರೂ ಫಿಟ್ಸ್ ಬಂದವರು, ಸನ್ನಿಯಾದವರು, ಬೆಳಿಗ್ಗೆಯೇ ಕುಡಿಯುವವರು, ಕಾಮಾಲೆಯಾದವರು, ಊಟ ಬಿಟ್ಟು ಬರೀ ಕುಡಿತದ ಮೇಲೇ ಇರುವವರು, ವಯಸ್ಸಾದವರು ಮನೆಯಲ್ಲಿ ಒಮ್ಮೆಲೇ ಬಿಡುವ ಸಾಹಸಕ್ಕೆ ಇಳಿಯಬಾರದು. ಇವರನ್ನು ದಾಖಲು ಮಾಡಿಯೇ ಬಿಡಿಸಬೇಕು. ಮಾಲೆ ಹಾಕುವುದಿದ್ದರೂ ಅಷ್ಟೆ, ಮಾಲೆಗೆ ಒಂದು ವಾರ ಮೊದಲು ವೈದ್ಯರನ್ನು ಕಂಡು ಔಷಧಿಯ ನೆರವಿನಿಂದ ಕುಡಿತ ಇಳಿಸಿಕೊಂಡರೆ ವ್ರತವೂ ನಿಲ್ಲುತ್ತದೆ, ಜೀವವೂ ಉಳಿಯುತ್ತದೆ.

ಆಸ್ಪತ್ರೆಯಲ್ಲಿ ಮಾಡುವ ಮೊದಲ ಕೆಲಸ ಮಿದುಳಿನ ಆ ಕೆರಳಿಕೆಯನ್ನು ಹಂತ ಹಂತವಾಗಿ ಇಳಿಸುವುದು. ಕ್ಲೋರ್‌ಡೈಯಾಜಿಪಾಕ್ಸೈಡ್, ಲೊರಾಜಿಪಾಮ್‌ನಂಥ ಮಾತ್ರೆಗಳು ಮದ್ಯ ಕೆಲಸ ಮಾಡುತ್ತಿದ್ದ ಜಾಗದಲ್ಲೇ ಕೆಲಸ ಮಾಡುತ್ತವೆ. ಮೊದಲ ಎರಡು ದಿನ ಹೆಚ್ಚು ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡುತ್ತಾ 5ರಿಂದ 10 ದಿನದಲ್ಲಿ ನಿಲ್ಲಿಸುತ್ತಾರೆ. ಈ ಮಾತ್ರೆಗಳೇ ಚಟವಾಗಬಲ್ಲವು. ಆದ್ದರಿಂದ ಚೀಟಿ ಹಿಡಿದು ಅಂಗಡಿಯಿಂದ ಮತ್ತೆ ಮತ್ತೆ ತಂದು ನುಂಗುವಂತಿಲ್ಲ, ಮನೆಯಲ್ಲಿ ಒಬ್ಬರು ಎಣಿಸಿ ಕೊಡಬೇಕು.

ಎರಡನೆಯದು ಥಯಾಮಿನ್, ಅಂದರೆ ಬಿ1 ವಿಟಮಿನ್. ನಮ್ಮ ಹಳ್ಳಿಗಳಲ್ಲಿ ಕುಡಿದು ಸುಸ್ತಾದವನನ್ನು ಹತ್ತಿರದ ಕ್ಲಿನಿಕ್ಕಿಗೆ ಒಯ್ದು "ಒಂದು ಗ್ಲೂಕೋಸ್ ಬಾಟ್ಲಿ ಏರಿಸ್ರಿ" ಎನ್ನುವುದು ರೂಢಿಯಾಗಿಬಿಟ್ಟಿದೆ. ಇದರ ಅಪಾಯ ಯಾರೂ ಹೇಳುವುದಿಲ್ಲ. ಬಹುಕಾಲ ಕುಡಿದವರ ಮೈಯಲ್ಲಿ ಬಿ1 ಬತ್ತಿರುತ್ತದೆ. ಗ್ಲೂಕೋಸನ್ನು ಶಕ್ತಿಯಾಗಿಸಲು ದೇಹಕ್ಕೆ ಬಿ1 ಬೇಕೇ ಬೇಕು. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಉಳಿದಷ್ಟೂ ಖರ್ಚಾಗಿ ಮಿದುಳಿನ ಕೆಲವು ಭಾಗಗಳು ಹಾಳಾಗಬಹುದು. ಕಣ್ಣುಗುಡ್ಡೆ ಅದುರುವುದು, ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಗೊಂದಲ ಇದರ ಗುರುತುಗಳು. ಕುಡಿಯದಿದ್ದಾಗಲೂ ಇವು ಕಂಡರೆ ಅದು ಅಮಲಲ್ಲ, ವರ್ನಿಕೆ ಎಂಬ ತುರ್ತು ಸ್ಥಿತಿ. ಆ ಹೊತ್ತಿಗೆ ಬಿ1 ಸಿಗದಿದ್ದರೆ ಹೊಸದನ್ನು ನೆನಪಿಡುವ ಶಕ್ತಿಯೇ ಶಾಶ್ವತವಾಗಿ ಹೋಗಬಹುದು. ಬಾಟ್ಲಿ ಏರಿಸುವ ಮುನ್ನ "ಇವರು ಕುಡಿಯೋರು ರೀ, ಬಿ1 ಇಂಜೆಕ್ಷನ್ ಕೊಟ್ರೇನು?" ಎಂದು ಕೇಳುವ ಹಕ್ಕು ಮನೆಯವರಿಗಿದೆ. ಸಂಕೋಚ ಬೇಡ.

ಫಿಟ್ಸ್ ಬಂದರೆ ಕೈಯಲ್ಲಿ ಕಬ್ಬಿಣ, ಬೀಗದ ಕೈ ಹಿಡಿಸುವುದು, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಸುತ್ತಲಿನ ಕಲ್ಲು, ಕಟ್ಟಿಗೆ ಸರಿಸಿ, ತಲೆಯ ಕೆಳಗೆ ಬಟ್ಟೆಯಿಟ್ಟು, ಎಳೆತ ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ.

ಸೇಂದಿ ಎಂದು ಮಾರುವ ಪುಡಿ

ರಾಯಚೂರು ಜಿಲ್ಲೆಯವರಿಗೆ ಸಿ.ಎಚ್. ಪೌಡರಿನ ಹೆಸರು ಹೊಸದಲ್ಲ. ಈಚಲು ಮರದಿಂದ ಇಳಿಸಿದ ಸೇಂದಿ ಹುಳಿತಾಗ ಅದರಲ್ಲಿ ಶೇ 4–5ರಷ್ಟು ಮದ್ಯಸಾರ ಇರುತ್ತದೆ. ತೆಲಂಗಾಣ, ಆಂಧ್ರದ ಗಡಿಗೆ ಹತ್ತಿಕೊಂಡ ನಮ್ಮ ಸೀಮೆಯಲ್ಲಿ ಕದ್ದು ಮಾರುವ ಕಲಬೆರಕೆ ಸೇಂದಿಯಲ್ಲಿ ಮರದ ರಸ ಹೆಸರಿಗಷ್ಟೇ ಇರುತ್ತದೆ, ಎಷ್ಟೋ ಸಲ ಅದೂ ಇರುವುದಿಲ್ಲ. ನೀರು, ಸಿಹಿಗೆ ಸ್ಯಾಕರಿನ್, ನೊರೆ ಬರಿಸಲು ಏನಾದರೊಂದು, ಅಮಲಿಗೆ ಪೌಡರು. ಅಳತೆ ಕಲಸುವವನ ಕೈಯಂದಾಜು.

ಈ ಪೌಡರಿನ ಪೂರ್ತಿ ಹೆಸರು ಕ್ಲೋರಲ್ ಹೈಡ್ರೇಟ್. ಜರ್ಮನಿಯ ಲೀಬಿಗ್ ಎಂಬ ರಸಾಯನಶಾಸ್ತ್ರಜ್ಞ 1832ರಲ್ಲಿ ಮೊದಲು ತಯಾರಿಸಿದ್ದು. 1869ರಿಂದ ನಿದ್ದೆಯ ಔಷಧಿಯಾಗಿ ಜಗತ್ತಿನಲ್ಲೆಲ್ಲ ಬಳಕೆಯಾಯಿತು. ಅದಕ್ಕಿಂತ ಸುರಕ್ಷಿತವಾದವು ಬಂದ ಮೇಲೆ ವೈದ್ಯರು ಬಹುತೇಕ ಕೈಬಿಟ್ಟರು. ಕೈಬಿಡಲು ಕಾರಣವಿತ್ತು. ಅಮಲೇರಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ನಡುವೆ ಅಂತರ ಕಡಿಮೆ, ಮೇಲಾಗಿ ಹೃದಯದ ಬಡಿತದ ಲಯವನ್ನೇ ಅದು ಕೆಡಿಸಬಲ್ಲದು. ಪಿತ್ತಜನಕಾಂಗ ಅದನ್ನು ಟ್ರೈಕ್ಲೋರೊಎಥನಾಲ್ ಎಂಬ ಇನ್ನೊಂದು ವಸ್ತುವಾಗಿಸುತ್ತದೆ. ಕುಡಿದವನನ್ನು ಮಲಗಿಸುವುದು ಅದೇ. ಅದರ ಅರ್ಧ ಭಾಗ ಮೈಯಿಂದ ಇಳಿಯಲು ಸುಮಾರು 8 ಗಂಟೆ ಬೇಕು. ಬೆಳಿಗ್ಗೆ ಒಂದು ಬಾಟ್ಲಿ, ಮಧ್ಯಾಹ್ನ ಒಂದು, ಸಂಜೆ ಒಂದು ಎಂದರೆ ಹಳೆಯದು ಇಳಿಯುವ ಮೊದಲೇ ಹೊಸದು ಸೇರಿಕೊಳ್ಳುತ್ತದೆ. ಇದರ ಮೇಲೆ ಬ್ರಾಂಡಿಯನ್ನೂ ಹಾಕಿದರೆ ಎರಡನ್ನೂ ಕರಗಿಸಬೇಕಾದ ಕಿಣ್ವ ಒಂದೇ ಆಗಿರುವುದರಿಂದ ಒಂದು ಇನ್ನೊಂದರ ವಿಷವನ್ನು ಏರಿಸುತ್ತದೆ.

ಸೇಂದಿ ಕುಡಿದು ಎಚ್ಚರವಿಲ್ಲದೆ ಬಿದ್ದವನಿಗೆ ಹುಣಸೆಹುಳಿ ನೀರು, ಮಜ್ಜಿಗೆ ಕುಡಿಸಬಾರದು. ನುಂಗುವ ಪ್ರಜ್ಞೆಯಿಲ್ಲದವನ ಬಾಯಿಗೆ ಹುಯ್ದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಮಲಗಿಸಿ, ಉಸಿರು ಎಣಿಸುತ್ತಾ ಆಸ್ಪತ್ರೆಗೆ ಒಯ್ಯಬೇಕು. ಬಾಟ್ಲಿಯಲ್ಲಿ ಉಳಿದದ್ದಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ, ವೈದ್ಯರಿಗೆ ಉಪಯೋಗ.

ಪೌಡರಿನ ಚಟ ಹತ್ತಿದವರು ಒಮ್ಮೆಲೇ ಬಿಟ್ಟರೂ ಫಿಟ್ಸ್, ಸನ್ನಿ ಬರುತ್ತವೆ. ಇದಕ್ಕೆ ಪಕ್ಕದ ತೆಲಂಗಾಣವೇ ಸಾಕ್ಷಿ. ಅಲ್ಲಿ 2015ರಲ್ಲಿ ಕಲಬೆರಕೆ ಸೇಂದಿಯ ಮೇಲೆ ಸರ್ಕಾರ ಬಿಗಿ ಮಾಡಿದಾಗ, 2020ರ ಲಾಕ್‌ಡೌನ್‌ನಲ್ಲಿ ಅಂಗಡಿಗಳು ಮುಚ್ಚಿದಾಗ, ವಿಚಿತ್ರವಾಗಿ ವರ್ತಿಸುತ್ತಿದ್ದ, ಕಂಡಕಂಡಲ್ಲಿ ಬೀಳುತ್ತಿದ್ದ ಜನ ಗುಂಪು ಗುಂಪಾಗಿ ಆಸ್ಪತ್ರೆಗೆ ಬಂದರು. ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯ ಹೊರರೋಗಿ ವಿಭಾಗ ತುಂಬಿಹೋಯಿತು. ಅಲ್ಲಿನ ಸೇಂದಿಯಲ್ಲಿ ಈಗ ಕ್ಲೋರಲ್ ಹೈಡ್ರೇಟಿನ ಜೊತೆ ಅಲ್ಪ್ರಾಜೋಲಾಮ್ ಎಂಬ ನಿದ್ದೆಮಾತ್ರೆಯ ಪುಡಿಯನ್ನೂ ಕಲಸುತ್ತಾರೆ. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಇಂಥ ಸೇಂದಿ ಕುಡಿದು ಹಲವರು ಸತ್ತರು. ಅಬಕಾರಿಯವರು ದಾಳಿ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಊರಿನ ಸೇಂದಿ ಅಡ್ಡೆ ಮುಚ್ಚಿಸುವ ದಿನವೇ ಹತ್ತಿರದ ಆಸ್ಪತ್ರೆಗೆ ತಿಳಿಸಿ ಹಾಸಿಗೆ, ಔಷಧಿ ಸಿದ್ಧಮಾಡದಿದ್ದರೆ ಆ ದಾಳಿ ಅರ್ಧ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾಂಜಾ, ಮಾತ್ರೆ, ಗುಟ್ಖಾಗಳ ಕತೆ ಬೇರೆ ಬೇರೆ. ಗಾಂಜಾ ಬಿಟ್ಟರೆ ಸಿಡುಕು, ನಿದ್ದೆಗೇಡು, ಹಸಿವಿಲ್ಲದಿರುವುದು ಒಂದೆರಡು ವಾರ ಕಾಡುತ್ತವೆ, ಜೀವಕ್ಕೆ ಅಪಾಯವಿಲ್ಲ. ಅಪಾಯವಿರುವುದು ಸೇದುವಾಗ, ಅದೂ ಹದಿನೈದು ಹದಿನಾರರ ಹುಡುಗರಿಗೆ. ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನುವ ಸಂಶಯ, ಕಿವಿಯಲ್ಲಿ ದನಿ ಕೇಳಿಸುವುದು ಶುರುವಾದರೆ ತಡಮಾಡದೆ ಮನೋವೈದ್ಯರಿಗೆ ತೋರಿಸಬೇಕು. ನಿದ್ದೆಮಾತ್ರೆಯ ಚಟವನ್ನು ಮದ್ಯದಂತೆಯೇ ಹಂತಹಂತವಾಗಿ ಇಳಿಸಬೇಕು. ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಲ್ಲಿರುವ ಅಫೀಮಿನ ಜಾತಿಯ ವಸ್ತುಗಳ ಚಟಕ್ಕೆ ಬುಪ್ರೆನಾರ್ಫಿನ್ ಎಂಬ ಒಳ್ಳೆಯ ಚಿಕಿತ್ಸೆ ಇದೆ. ಅವುಗಳನ್ನು ಕೆಲವು ತಿಂಗಳು ಬಿಟ್ಟವನು ಮತ್ತೆ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಉಸಿರು ನಿಂತು ಸಾಯಬಹುದು, ಏಕೆಂದರೆ ತಾಳಿಕೊಳ್ಳುವ ಶಕ್ತಿ ಅಷ್ಟರಲ್ಲಿ ಇಳಿದಿರುತ್ತದೆ. ಗುಟ್ಖಾ ಕರ್ನಾಟಕದಲ್ಲಿ 2013ರಿಂದ ನಿಷೇಧ. ಪಾನ್ ಮಸಾಲೆಯದೊಂದು, ತಂಬಾಕಿನದೊಂದು ಚೀಟಿ ಕೊಂಡು ಅಂಗೈಯಲ್ಲೇ ಕಲಸಿಕೊಳ್ಳುವುದು ಎಲ್ಲ ಬಸ್ ನಿಲ್ದಾಣಗಳಲ್ಲೂ ನಡೆದಿದೆ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬಾಯಲ್ಲಿ ಹಿಡಿಸದಿದ್ದರೆ, ಖಾರದ ಊಟ ಉರಿದರೆ, ದಂತವೈದ್ಯರನ್ನು ಈ ವಾರವೇ ಕಾಣಿ. ಬಾಯಿಯ ಒಳಪದರ ಗಟ್ಟಿಯಾಗುತ್ತಿರುವ ಗುರುತು ಅದು, ಕ್ಯಾನ್ಸರಿಗೆ ದಾರಿಯಾಗಬಹುದು. ತಂಬಾಕು ಬಿಡಲು 1800-11-2356 ಎಂಬ ಉಚಿತ ಸಹಾಯವಾಣಿ ಇದೆ.

ಎಲ್ಲಿಗೆ ಹೋಗಬೇಕು

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯೊಂದನ್ನು ದೆಹಲಿಯ ಏಮ್ಸ್ ನಡೆಸಿತ್ತು. ಮದ್ಯಕ್ಕೆ ಅಂಟಿಕೊಂಡವರಲ್ಲಿ ಯಾವುದಾದರೊಂದು ಚಿಕಿತ್ಸೆ ಪಡೆದವರು 38 ಜನಕ್ಕೆ ಒಬ್ಬರು, ಆಸ್ಪತ್ರೆಯಲ್ಲಿ ದಾಖಲಾಗಿ ಪಡೆದವರು 180ಕ್ಕೆ ಒಬ್ಬರು ಎಂದು ಅದು ಹೇಳಿತು. ಚಿಕಿತ್ಸೆ ಇರುವುದೇ ಗೊತ್ತಿಲ್ಲದಿರುವುದು, ಗೊತ್ತಿದ್ದರೂ ನಾಚಿಕೆ, ಕೂಲಿ ತಪ್ಪುವ ಭಯ ಇವೆಲ್ಲ ಇದರ ಹಿಂದಿವೆ.

ನಮ್ಮ ಮೂರು ತಾಲ್ಲೂಕುಗಳೂ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೇ ಇವೆ. ಸಿಂಧನೂರು, ಲಿಂಗಸುಗೂರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಮಸ್ಕಿಯವರಿಗೆ ಎರಡೂ ಒಂದು ತಾಸಿನೊಳಗಿನ ದಾರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ 'ಮನೋಚೈತನ್ಯ' ಚಿಕಿತ್ಸಾಲಯ ಎಂಬ ಏರ್ಪಾಡಿದೆ. ಮನೋವೈದ್ಯರು ಅಂದು ಅಲ್ಲಿಗೇ ಬಂದು ನೋಡುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿಕೊಂಡು ಹೋಗುವುದು ಒಳ್ಳೆಯದು. ದಾಖಲು ಮಾಡಬೇಕಾದ ಸ್ಥಿತಿಯಿದ್ದರೆ ರಾಯಚೂರಿನ ರಿಮ್ಸ್, ಅದಕ್ಕೂ ಮೀರಿದ್ದಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಹೊರಡುವ ಧೈರ್ಯವಿನ್ನೂ ಬಾರದಿದ್ದರೆ 14416ಕ್ಕೆ ಫೋನು ಮಾಡಿ. ಅದು ಟೆಲಿ ಮನಸ್, 2022ರ ಅಕ್ಟೋಬರಿನಲ್ಲಿ ಶುರುವಾದ ಉಚಿತ ಸೇವೆ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಚಟ ಆಗಿದೆಯೋ ಇಲ್ಲವೋ ಎಂದು ಅನುಮಾನವಿದ್ದವರಿಗೆ ವೈದ್ಯರು ಕೇಳುವ ನಾಲ್ಕು ಪ್ರಶ್ನೆಗಳಿವೆ. ಕಡಿಮೆ ಮಾಡಬೇಕು ಎಂದು ಎಂದಾದರೂ ಅನ್ನಿಸಿತ್ತೇ? ಯಾರಾದರೂ ನಿಮ್ಮ ಕುಡಿತದ ಮಾತೆತ್ತಿದರೆ ಸಿಟ್ಟು ಬರುತ್ತದೆಯೇ? ಕುಡಿದದ್ದಕ್ಕೆ ಆಮೇಲೆ ಕೆಡುಕೆನಿಸಿದೆಯೇ? ಬೆಳಿಗ್ಗೆ ಎದ್ದು ಮೈ ಹದಕ್ಕೆ ಬರಲೆಂದು ಕುಡಿದದ್ದಿದೆಯೇ? ಎರಡಕ್ಕೆ ಹೌದು ಎಂದರೆ ವೈದ್ಯರ ಬಳಿ ಮಾತಾಡುವ ಕಾಲ ಬಂದಿದೆ. ಕೊನೆಯದಕ್ಕೆ ಹೌದು ಎಂದರೆ ಮನೆಯಲ್ಲಿ ತಾವೇ ಬಿಡಲು ಹೋಗಬೇಡಿ.

ಗಾಂಜಾ ಸೇದುವ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಮನೆಯಲ್ಲೇ ಮುಚ್ಚಿಡುವ ತಂದೆತಾಯಿಯರು ಬಹಳ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಂ ಇಂಥವರಿಗಾಗಿಯೇ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರ್ತಿ ಮಾಡಿದರೆ ಆ ಆರೋಪಕ್ಕೆ ವಿಚಾರಣೆ ಎದುರಿಸಬೇಕಿಲ್ಲ. ಆರೋಪವೇ ಇಲ್ಲದೆ ಚಿಕಿತ್ಸೆಗೆ ಬಂದವನನ್ನು ವೈದ್ಯರು ರೋಗಿಯೆಂದೇ ನೋಡುತ್ತಾರೆ.

ಖಾಸಗಿ ಕೇಂದ್ರಗಳ ವಿಷಯದಲ್ಲಿ ಎಚ್ಚರ ಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾದ ಮಾನಸಿಕ ಸ್ಥಿತಿಗಳನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಾಯಿಸಿರಲೇಬೇಕು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ಕಾನೂನಿನ ಪ್ರಕಾರ ಪೂರ್ತಿ ನಿಷಿದ್ಧ. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎನ್ನಿ, ಮನೋವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಏನು ಮಾಡುತ್ತೀರಿ ಎಂದು ಕೇಳಿ. "ಮೂರು ತಿಂಗಳು ಮನೆಯವರು ಮಾತಾಡಿಸಬಾರದು" ಎಂದು ಷರತ್ತು ಹಾಕುವ, ರಾತ್ರೋರಾತ್ರಿ ಮನೆಗೆ ಬಂದು ಹೊತ್ತೊಯ್ಯುವ ಕೇಂದ್ರಕ್ಕೆ ಒಪ್ಪಿಸಬೇಡಿ.

ಗೋಡೆಯ ಮೇಲಿನ 'ಅವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ' ಎಂಬ ಬರಹಗಳು ಇನ್ನೂ ಅಪಾಯ. ಇಂಥ ಪುಡಿಗಳಲ್ಲಿ ಏನಿದೆ ಎಂದು ಯಾರೂ ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ಹೀಗೆ ಗುಟ್ಟಾಗಿ ಕೊಡುವವರಿದ್ದಾರೆ. ಅದು ಮದ್ಯ ಕರಗುವ ಎರಡನೆಯ ಹಂತವನ್ನು ತಡೆಯುತ್ತದೆ, ಅಸಿಟಾಲ್ಡಿಹೈಡ್ ಎಂಬ ವಿಷ ಮೈಯಲ್ಲಿ ಶೇಖರವಾಗುತ್ತದೆ. ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಪರಿಣಾಮ ಗೊತ್ತಿದ್ದು ತಾನಾಗಿಯೇ ಒಪ್ಪಿ ನುಂಗುವವನಿಗೆ ಅದು ಬಲವಾದ ಬೇಲಿ. ಗೊತ್ತಿಲ್ಲದೆ ಸಾರಿನಲ್ಲಿ ಉಂಡು ಹೋಗಿ ಕುಡಿದವನನ್ನು ಅದು ಕೊಲ್ಲಬಲ್ಲದು. ಕೊನೆಯ ಮಾತ್ರೆಯ ನಂತರವೂ ಎರಡು ವಾರದವರೆಗೆ ಪರಿಣಾಮ ಉಳಿದಿರಬಹುದು. ಹೆಂಡತಿ ಪ್ರೀತಿಯಿಂದಲೇ ಹಾಕಿರುತ್ತಾಳೆ, ಅದಕ್ಕೇ ಇದನ್ನು ಒತ್ತಿ ಹೇಳಬೇಕಾಗಿದೆ.

ಬಿಟ್ಟ ಮೇಲೆ

ಹತ್ತು ದಿನದಲ್ಲಿ ನಡುಕ ನಿಲ್ಲುತ್ತದೆ, ಮುಖಕ್ಕೆ ಕಳೆ ಬರುತ್ತದೆ, ರೊಟ್ಟಿ ಸೇರುತ್ತದೆ. ಬಹಳ ಮನೆಗಳಲ್ಲಿ ಚಿಕಿತ್ಸೆ ಇಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತಾರೆ. ನಿಜಕ್ಕೂ ಆಗಿರುವುದು ಮೈಯೊಳಗಿನ ವಿಷ ಇಳಿಸುವ ಕೆಲಸ ಮಾತ್ರ. ಕುಡಿತದ ನೆನಪು ಮಿದುಳಿನಲ್ಲಿ ಇನ್ನೂ ಹಾಗೆಯೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಿಟ್ಟು ಸಿಂಧನೂರಿನ ಗದ್ದೆಗಳಲ್ಲಿ ನಾಟಿ ಶುರುವಾದಾಗ ಸಂಜೆ ಕೂಲಿ ಕೈಗೆ ಬರುತ್ತದೆ. ಹಟ್ಟಿಯ ಗಣಿಯಲ್ಲಿ ಪಾಳಿ ಮುಗಿಸಿ ಮೇಲೆ ಬಂದವನ ಮೈ ನೋಯುತ್ತಿರುತ್ತದೆ. ಗುಳೆ ಹೋದ ಊರಿನ ತಗಡಿನ ಶೆಡ್ಡಿನಲ್ಲಿ ರಾತ್ರಿ ಹೊತ್ತು ಹೋಗುವುದಿಲ್ಲ. ಪರವಾನಗಿ ಇರುವ ಅಂಗಡಿ ದೂರವಿದ್ದರೂ ಓಣಿಯ ಕಿರಾಣಿ ಅಂಗಡಿಯಲ್ಲೇ ಕದ್ದು ಪ್ಯಾಕೆಟ್ ಸಿಗುತ್ತದೆ. ಇದೇ ಅಕ್ರಮ ಮಾರಾಟ ನಿಲ್ಲಿಸಿ, ಮದ್ಯ ನಿಷೇಧಿಸಿ ಎಂದು ರಾಯಚೂರು ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳೂ ಸೇರಿದಂತೆ ಸಾವಿರಾರು ಮಹಿಳೆಯರು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದರು. ಚಿಕಿತ್ಸೆ ಪಡೆದು ಊರಿಗೆ ಮರಳಿದವನು ದಿನಾ ಹಾದುಹೋಗುವುದು ಅದೇ ಅಂಗಡಿಯ ಮುಂದೆ.

ಆದ್ದರಿಂದ ಎರಡನೆಯ ಹಂತಕ್ಕೆ ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಬೇಕು. ಕುಡಿಯುವ ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್, ಬ್ಯಾಕ್ಲೊಫೆನ್‌ನಂಥ ಔಷಧಿಗಳಿವೆ. ಯಾರಿಗೆ ಯಾವುದು ಎಂಬುದನ್ನು ಪಿತ್ತಜನಕಾಂಗ, ಮೂತ್ರಪಿಂಡದ ಪರೀಕ್ಷೆ ನೋಡಿ ವೈದ್ಯರು ಹೇಳುತ್ತಾರೆ. ಜೊತೆಗೆ ಆಪ್ತಸಮಾಲೋಚನೆ. ಅಲ್ಲಿ ಕಲಿಸುವುದು ಬಹಳ ಸರಳ, ಮಾಡುವುದು ಕಷ್ಟ. ತುಡಿತ ಎದ್ದಾಗ ಅದು ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಇಳಿಯುತ್ತದೆ, ಆ ಅರ್ಧ ತಾಸು ಏನು ಮಾಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದು ಈಗ ಕಾಡುತ್ತಿದೆ ಎಂದು ಕೇಳಿಕೊಳ್ಳಬೇಕು. ಹೊಟ್ಟೆತುಂಬ ಉಂಡು ಸಂಜೆಯನ್ನು ದಾಟಿಸಿದವರು ಎಷ್ಟೋ ಜನ. ಕೂಲಿ ಹಣ ಕೈಗೆ ಬರುವ ಬದಲು ಹೆಂಡತಿಯ ಖಾತೆಗೆ ಹೋಗಲಿ. ದಿನಕ್ಕೆ 150 ರೂಪಾಯಿ ಕುಡಿತಕ್ಕೆ ಹೋಗುತ್ತಿತ್ತು ಎಂದರೆ ವರ್ಷಕ್ಕೆ 54,750 ರೂಪಾಯಿ. ಮೊದಲ ತಿಂಗಳ ಉಳಿತಾಯದಲ್ಲಿ ಮನೆಗೆ ಕಣ್ಣಿಗೆ ಕಾಣುವ ಒಂದು ವಸ್ತು ತಂದರೆ ಬಿಟ್ಟವನಿಗೆ ಹುರುಪು ಬರುತ್ತದೆ.

ಒಬ್ಬನೇ ಬಿಡುವುದಕ್ಕಿಂತ ಜೊತೆಗೆ ನಾಲ್ಕು ಜನರಿದ್ದರೆ ಸುಲಭ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ರಾಜ್ಯದ ಊರೂರುಗಳಲ್ಲಿ ನಡೆಸುವ 8 ದಿನಗಳ ಮದ್ಯವರ್ಜನ ಶಿಬಿರಗಳ ಬಲ ಇರುವುದು ಇಲ್ಲಿ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಶಿಬಿರಕ್ಕೆ ಹೋಗುವವರೂ ಮೊದಲು ಹೇಳಿದ ಗಡಿಯಾರ ನೆನಪಿಡಬೇಕು, ಫಿಟ್ಸ್ ಬಂದ ಚರಿತ್ರೆ ಇದ್ದರೆ ಮುಚ್ಚಿಡದೆ ಮೊದಲ ದಿನವೇ ಹೇಳಬೇಕು. ಲಿಂಗಸುಗೂರು, ಮುದಗಲ್ಲಿನವರಿಗೆ ಇಳಕಲ್ಲಿನ ಮಹಾಂತ ಸ್ವಾಮಿಗಳ ನೆನಪು ಇನ್ನೂ ಹಸಿಯಾಗಿದೆ. 2018ರಲ್ಲಿ ಲಿಂಗೈಕ್ಯರಾದ ಅವರು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ, ನಿಮ್ಮ ದುಶ್ಚಟಗಳನ್ನು ಇದಕ್ಕೆ ಹಾಕಿ ಎಂದು ಬೇಡುತ್ತಿದ್ದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ನಾಲ್ಕು ಜನರೆದುರು ಕೊಟ್ಟ ಮಾತಿಗೆ ನಮ್ಮ ಸೀಮೆಯಲ್ಲಿ ಇರುವ ತೂಕವನ್ನು ಅವರು ಸರಿಯಾಗಿ ಬಲ್ಲವರಾಗಿದ್ದರು. ಆ ಮಾತಿನ ಜೊತೆ ಮಂಗಳವಾರದ ಚೀಟಿಯೂ ಸೇರಿದರೆ ಅದು ಉಳಿಯುವ ಸಾಧ್ಯತೆ ಇನ್ನೂ ಹೆಚ್ಚು.

ಮನೆಯವರಿಗೆ ಎರಡು ಮಾತು. ಕುಡಿದು ಬಂದ ರಾತ್ರಿ ವಾದ ಬೇಡ, ಅದು ಅವನ ತಲೆಗೆ ಹೋಗುವುದಿಲ್ಲ. ಬೆಳಿಗ್ಗೆ ಅಮಲಿಳಿದಾಗ, ಮಕ್ಕಳಿಲ್ಲದ ಹೊತ್ತಿನಲ್ಲಿ, ನಿನ್ನೆ ಏನಾಯಿತು ಎಂಬುದನ್ನಷ್ಟೇ ಹೇಳಿ, "ನಾಳೆ ದವಾಖಾನಿಗಿ ಹೋಗೂಣು, ನಾನೂ ಬರ್ತೀನಿ" ಎನ್ನಿ. ಹೊಡೆತ ಬಡಿತ ಇದ್ದರೆ ಅವನು ಬಿಡುವವರೆಗೆ ಕಾಯಬೇಕಾಗಿಲ್ಲ, ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಬಿಟ್ಟವರಲ್ಲಿ ಬಹಳ ಜನ ಒಮ್ಮೆಯಾದರೂ ಮತ್ತೆ ಕುಡಿಯುತ್ತಾರೆ. ಮದುವೆಯಲ್ಲೋ ಜಾತ್ರೆಯಲ್ಲೋ ಮಣ್ಣಿಗೆ ಹೋಗಿ ಬಂದ ಸಂಜೆಯೋ ಆಗುತ್ತದೆ. ಅಂದೇ ಎಲ್ಲ ಮುಗಿಯಿತು ಎಂದು ಬೈದರೆ ಅವನು ನಾಚಿಕೆಯಿಂದ ಇನ್ನೂ ಕುಡಿಯುತ್ತಾನೆ. ಎಷ್ಟು ಕುಡಿದ, ಯಾರ ಜೊತೆ, ಮೊದಲು ಏನಾಗಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಒಂದೆರಡು ದಿನ ಕುಡಿದಿದ್ದರೆ ಮುಂದಿನ ಭೇಟಿಗೆ ಕಾಯದೆ ಹೋಗಿ. ವಾರಗಟ್ಟಲೆ ಕುಡಿದಿದ್ದರೆ ಮನೆಯಲ್ಲಿ ತಟ್ಟನೆ ನಿಲ್ಲಿಸದೆ ಆಸ್ಪತ್ರೆಗೇ ಹೋಗಿ. ಹೋಗುವಾಗ ಆಧಾರ್ ಕಾರ್ಡು, ಹಿಂದಿನ ಚೀಟಿಗಳು, ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನು ಒಯ್ಯಿರಿ. ಕೊನೆಯ ಸಲ ಕುಡಿದ ದಿನ ಮತ್ತು ಗಂಟೆಯನ್ನು ಒಂದು ಚೀಟಿಯ ಮೇಲೆ ಬರೆದುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದು ಅದನ್ನೇ.